ಗ್ರೇಡ್ 2 ಫ್ಯಾಟಿ ಲಿವರ್ ಅಂತೆ, ಅರಿಶಿನದ ಕ್ಯಾಪ್ಸುಲ್, ಸಿಲಿಮರಿನ್, ಬರ್ಬೆರಿನ್ ಇವೆಲ್ಲ ತಗೋಬಹುದಾ?

ಕಲ್ಪತರು_84:
ಎಲ್ರಿಗೂ ನಮಸ್ಕಾರ. ವಯಸ್ಸು 41, ಕುಡಿಯೋ ಅಭ್ಯಾಸ ಇಲ್ಲ. ಆಫೀಸ್ ಹೆಲ್ತ್ ಚೆಕಪ್‌ನಲ್ಲಿ ಸ್ಕ್ಯಾನಿಂಗ್ ಮಾಡಿ ಗ್ರೇಡ್ 2 ಫ್ಯಾಟಿ ಲಿವರ್ ಅಂದ್ರು, ಎಸ್‌ಜಿಪಿಟಿ 78 (ಲಿವರ್ ಕೆಟ್ಟಾಗ ರಕ್ತದಲ್ಲಿ ಏರೋ ಎಂಜೈಮಂತೆ), ತೂಕ 84 ಕೆಜಿ. ಡಾಕ್ಟ್ರು "ತೂಕ ಇಳ್ಸಿ, ಮೂರು ತಿಂಗಳು ಬಿಟ್ಟು ಬನ್ನಿ" ಅಂದ್ರು ಅಷ್ಟೇ, ಮಾತ್ರೆ ಬರೀಲಿಲ್ಲ. ಮಾತ್ರೆ ಬರೀಲಿಲ್ಲ ಅಂದ್ರೆ ನಮ್ಮನೇಲಿ ಆ ಡಾಕ್ಟ್ರಿಗೆ ಏನೂ ಗೊತ್ತಿಲ್ಲ ಅಂತ ಅರ್ಥ. ಈಗ ಮಾವನವರು ಹಿತ್ಲಲ್ಲಿರೋ ಅಮೃತಬಳ್ಳಿ ಕಿತ್ತು ದಿನಾ ಬೆಳಗ್ಗೆ ಕಷಾಯ ಕೊಡ್ತಾರೆ, ಭಾಮೈದ ಅರಿಶಿನ ಮೆಣಸು ಸೇರಿರೋ ಕ್ಯಾಪ್ಸುಲ್ ಆನ್‌ಲೈನಲ್ಲಿ ತರ್ಸಿದಾನೆ, ಮೆಡಿಕಲ್ ಶಾಪಿನವರು ಸಿಲಿಮರಿನ್ ತಗೊಳ್ಳಿ ಅಂತಾರೆ, ಯೂಟ್ಯೂಬಲ್ಲಿ ಬರ್ಬೆರಿನ್ ಅಂತಾರೆ. ಎಲ್ಲಾ ಗಿಡದ್ದೇ ತಾನೆ, ಒಟ್ಟಿಗೆ ತಗೊಂಡ್ರೆ ತೊಂದ್ರೆ ಏನು? ಈಗ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ 500, ಕೊಲೆಸ್ಟ್ರಾಲ್ ಮಾತ್ರೆ ಅಟೋರ್ವಾಸ್ಟಾಟಿನ್ 10 ನಡೀತಿದೆ.

ಲ್ಯಾಬ್‌ಕೋಟು:
ನಾನು ಡಾಕ್ಟ್ರಲ್ಲ ಸರ್, ಫಾರ್ಮಕಾಲಜಿ ಓದಿದೋನು. ಗಿಡದ್ದೇ ಅಂತ ನಿಶ್ಚಿಂತೆಯಾಗಿರೋಕಾಗಲ್ಲ, ನೀವು ನುಂಗ್ತಿರೋ ಮೆಟ್‌ಫಾರ್ಮಿನ್ನೂ ಯೂರೋಪಿನ ಒಂದು ಗಿಡದಲ್ಲಿರೋ ರಾಸಾಯನಿಕದ ಜಾಡು ಹಿಡಿದು ಬಂದಿದ್ದೇ.

ಮೊದ್ಲು ಅರಿಶಿನ. ಪುಡೀಲಿ ಕರ್ಕ್ಯುಮಿನ್ (ಅರಿಶಿನದಲ್ಲಿ ಕೆಲಸ ಮಾಡೋ ಹಳದಿ ಅಂಶ) ಇರೋದು ಸುಮಾರು 3%, ಸಾರಿಗೆ ಹಾಕೋ ಚಿಟಿಕೆಲಿ ಎಷ್ಟಾಗುತ್ತೆ ನೀವೇ ಲೆಕ್ಕ ಹಾಕಿ. ಅದೂ ರಕ್ತಕ್ಕೆ ಸರಿಯಾಗಿ ಸೇರಲ್ಲ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪೆರಿನ್ 20 ಮಿಲಿಗ್ರಾಂ ಕೊಟ್ಟು ನೋಡಿದ್ರು, ರಕ್ತಕ್ಕೆ ಸೇರೋದು 2000% ಜಾಸ್ತಿ ಆಯ್ತು. ಕ್ಯಾಪ್ಸುಲ್ ಕಂಪನಿಗಳೆಲ್ಲ ಇವತ್ತಿಗೂ ಇದನ್ನೇ ಹೇಳ್ಕೊಂಡು ಮಾರೋದು. ಆದ್ರೆ ಪೈಪೆರಿನ್ ಕೆಲಸ ಮಾಡೋದು ಹೇಗೆ ಅಂದ್ರೆ, ಹೊರಗಿಂದ ಬಂದಿದ್ದನ್ನ ಲಿವರ್ ಕರಗಿಸಿ ಆಚೆ ಹಾಕೋ ದಾರಿಗೇ ಅಡ್ಡ ಕೂರುತ್ತೆ, ಅದು ಅರಿಶಿನಕ್ಕೆ ಮಾತ್ರ ಅಂತ ಏನೂ ಇಲ್ಲ, ಬೇರೆ ಮಾತ್ರೆಗೂ ಅಡ್ಡ ಬರಬಹುದು. 2022ರಲ್ಲಿ ಅಮೆರಿಕದಲ್ಲಿ ಅರಿಶಿನದ ಸಪ್ಲಿಮೆಂಟ್‌ನಿಂದ ಲಿವರ್ ಕೆಟ್ಟ 10 ಕೇಸ್ ವರದಿ ಮಾಡಿದ್ರು, ಅದರಲ್ಲಿ 7 ಜನಕ್ಕೆ ಒಂದೇ ಥರದ ಜೀನ್ ಇತ್ತು. ಅಂದ್ರೆ ಯಾರಿಗೆ ಹೊಡೆಯುತ್ತೆ ಅಂತ ಮೊದಲೇ ಗೊತ್ತಾಗಲ್ಲ.

ಬರ್ಬೆರಿನ್‌ಗೆ ಸ್ವಲ್ಪ ತಾಕತ್ತಿದೆ (ನಮ್ಮ ಘಟ್ಟದ ಮರದರಿಶಿನದಲ್ಲಿರೋ ಹಳದಿ ಇದೇ). ಚೀನಾದಲ್ಲಿ 184 ಜನರ ಮೇಲೆ 16 ವಾರ ನೋಡಿದ್ರು. ಬರೀ ಊಟ ವ್ಯಾಯಾಮ ಬದಲಾಯಿಸಿದೋರಿಗೆ ಲಿವರ್ ಕೊಬ್ಬು 36% ಇಳೀತು, ಅದರ ಜೊತೆ ಬರ್ಬೆರಿನ್ನೂ ತಗೊಂಡೋರಿಗೆ 53% ಹತ್ರ. ಬರೀ ಪಥ್ಯದ್ದೇ 36, ಅದನ್ನ ಯೂಟ್ಯೂಬಲ್ಲಿ ಯಾರೂ ಹೇಳಲ್ಲ ನೋಡಿ. ನಿಮಗೆ ತೊಡಕು ಅಟೋರ್ವಾಸ್ಟಾಟಿನ್, ಅದನ್ನ ಒಡೆಯೋ ಎಂಜೈಮನ್ನ ಬರ್ಬೆರಿನ್ ನಿಧಾನ ಮಾಡುತ್ತೆ, ಆಗ ಮಾತ್ರೆ ರಕ್ತದಲ್ಲಿ ಜಾಸ್ತಿ ಉಳ್ಕೋಬಹುದು, ಡಾಕ್ಟ್ರನ್ನ ಕೇಳ್ದೆ ಮುಟ್ಟಬೇಡಿ. ಸಿಲಿಮರಿನ್ (ಮಿಲ್ಕ್ ಥಿಸಲ್ ಅನ್ನೋ ಗಿಡದ ಬೀಜದ ಸಾರ) ಅಷ್ಟೇನೂ ಅಪಾಯದ್ದಲ್ಲ, ಅಷ್ಟೇನೂ ಉಪಯೋಗದ್ದೂ ಅಲ್ಲ: ಮಲೇಷ್ಯಾದಲ್ಲಿ 700 ಮಿಲಿಗ್ರಾಂ ದಿನಕ್ಕೆ ಮೂರು ಸಲ 48 ವಾರ ಕೊಟ್ರು, ಮುಖ್ಯವಾಗಿ ಏನು ನೋಡ್ಬೇಕಂತ ಹೊರಟಿದ್ರೋ ಅದರಲ್ಲಿ ಔಷಧಿ ಇಲ್ಲದ ಸುಮ್ನೆ ಮಾತ್ರೆ ತಗೊಂಡೋರಿಗಿಂತ ದೊಡ್ಡ ವ್ಯತ್ಯಾಸ ಬರಲಿಲ್ಲ, ಲಿವರ್ ನಾರುಗಟ್ಟೋದು (ಗಾಯದ ಕಲೆ ಥರ ಗಟ್ಟಿಯಾಗೋದು) ಮಾತ್ರ ಸ್ವಲ್ಪ ಜನಕ್ಕೆ ಕಮ್ಮಿ ಆಗಿತ್ತು.

ಪೇಡಾ_ಊರಿನವ:
ಸರ್ರ, ಆ ಅಮೃತಬಳ್ಳಿ ಕಷಾಯ ಮೊದ್ಲ ಬಿಡ್ರಿ. ಕೊರೊನಾ ಟೈಮಿನಾಗ ನಮ್ಮ ಅಕ್ಕ ದಿನಾ ಒಂದ್ ಲೋಟ ಕುಡೀತಿದ್ಲು, ಒಂದೂವರೆ ತಿಂಗಳಿಗೆ ಕಣ್ಣು ಹಳದಿ ಆದ್ವು, ಮೂತ್ರ ಚಾದ ಡಿಕಾಕ್ಷನ್ ಆದಂಗ ಆತು. ದವಾಖಾನ್ಯಾಗ "ಗಿಡಮೂಲಿಕೆ ಏನರ ತಗೋತೀರೇನ್ರಿ" ಅಂತ ಕೇಳಿದ್ರ ಆಕಿ ಇಲ್ಲ ಅಂದ್ಲು, ಯಾಕಂದ್ರ ಆಕಿ ಲೆಕ್ಕದಾಗ ಅದು ಔಷಧೇ ಅಲ್ಲ, ಮನಿ ಬಳ್ಳಿ! ಆಮ್ಯಾಲ ಓದಿದೆ, ನಮ್ಮ ದೇಶದಾಗ ಬ್ಯಾರೆ ಬ್ಯಾರೆ ಆಸ್ಪತ್ರಿ ಡಾಕ್ಟರು ಕೂಡಿ ಇಂಥಾವ 43 ಕೇಸ್ ಬರದಾರ. ಆಯುಷ್ ಮಂತ್ರಾಲಯ ಅದನ್ನ ಒಪ್ಪಲಿಲ್ಲ, ಬಳ್ಳಿ ಸುರಕ್ಷಿತ ಅಂತಂದ್ರು. ಅವ್ರು ಏನರ ಅನ್ಲಿ, ನಿಮ್ದು ಎಸ್‌ಜಿಪಿಟಿ ಈಗ್ಲೇ 78 ಐತಿ, ನಾಳೆ ಏರಿತಂದ್ರ ಕೊಬ್ಬಿಗೋ ಬಳ್ಳಿಗೋ ಅಂತ ಹೆಂಗ್ ಹೇಳ್ತೀರಿ?

ಚಿಕ್ಕಮಗ್ಳೂರ್_ಚಿಕೋರಿ:
ನಂದೂ ಗ್ರೇಡ್ 2 ಇತ್ತು ಗುರು. 91ರಿಂದ 83ಕ್ಕೆ ಇಳೀತು, ಹನ್ನೊಂದು ತಿಂಗಳು ಹಿಡೀತು. ಮಾಡಿದ್ದಿಷ್ಟೇ, ಆಫೀಸ್ ಟೀ ಐದು ಲೋಟ, ಒಂದೊಂದಕ್ಕೂ ಎರಡು ಚಮಚ ಸಕ್ರೆ, ಅದನ್ನ ನಿಲ್ಲಿಸ್ದೆ, ಪ್ಯಾಕೆಟ್ ಜ್ಯೂಸ್ ಬಿಟ್ಟೆ, ರಾತ್ರಿ ಹತ್ತೂವರೆಗೆ ಬೆಟ್ಟದಷ್ಟು ಅನ್ನ ಮೊಸರು ಕಲಸ್ಕೊಂಡು ಟಿವಿ ಮುಂದೆ ಕೂರೋದನ್ನ ಬಿಟ್ಟೆ (ಇದೇ ಕಷ್ಟ ಆಗಿದ್ದು). ನಮ್ ಡಾಕ್ಟ್ರು ಹೇಳಿದ್ದು, 5% ಇಳಿದ್ರೆ ಕೊಬ್ಬು ಕಮ್ಮಿ ಆಗುತ್ತೆ, 7ರಿಂದ 10% ಇಳಿದ್ರೆ ಉರಿಯೂತನೂ ನಾರುಗಟ್ಟಿದ್ದೂ ಸುಧಾರಿಸುತ್ತೆ ಅಂತ. ನಿಮಗೆ ಆರರಿಂದ ಎಂಟು ಕೆಜಿ. ಇನ್ನು ಗಿಡದ್ದೇ ಬೇಕು ಅಂತ ಹಟ ಇದ್ರೆ ಸಕ್ರೆ ಇಲ್ದೆ ಕಾಫಿ ಕುಡೀರಿ, ಕಾಫಿ ಕುಡಿಯೋರಲ್ಲಿ ಲಿವರ್ ನಾರುಗಟ್ಟೋದು ಕಮ್ಮಿ ಅಂತ ತುಂಬಾ ಸ್ಟಡೀಲಿ ಕಂಡಿದೆ. ನಮ್ಮೂರ ಬೆಳೆ ಅಂತ ಹೇಳ್ತಿಲ್ಲ, ಆಣೆಗೂ.

ಕಲ್ಪತರು_84:
ಎಲ್ರಿಗೂ ಥ್ಯಾಂಕ್ಸ್. ಕ್ಯಾಪ್ಸುಲ್ ಡಬ್ಬ ಭಾಮೈದನಿಗೇ ವಾಪಸ್ ಕೊಟ್ಟೆ, ಮುಖ ಊದಿಸ್ಕೊಂಡ. ಮಾವನಿಗೆ ಹೇಳೋಕೆ ಧೈರ್ಯ ಬರಲಿಲ್ಲ, ಇವತ್ತು ಬೆಳಗ್ಗೆ ಲೋಟ ಈಸ್ಕೊಂಡು ಹೋಗಿ ದಾಸವಾಳದ ಬುಡಕ್ಕೆ ಸುರಿದು ಬಂದೆ. ಶನಿವಾರ ಡಾಕ್ಟ್ರ ಹತ್ರ ಮಾವನನ್ನೂ ಕರ್ಕೊಂಡು ಹೋಗ್ತೀನಿ, ಡಾಕ್ಟ್ರ ಬಾಯಲ್ಲೇ ಕೇಳಿಸ್ಕೊಳ್ಳಲಿ.