ಎಂಟು ಟ್ರ್ಯಾಕ್ ರೆಕಾರ್ಡರ್‌ನಲ್ಲಿ ಗುಯ್ ಸದ್ದು, ಶ್ರುತಿಯೂ ಅಲುಗಾಡುತ್ತಿದೆ. ಯಾರಾದರೂ ಸಹಾಯ ಮಾಡಿ

ಐದುಕಟ್ಟೆ, ಹಾಸನ:
ಸಾಕಾಗಿಹೋಗಿದೆ. ಮನೆಯಲ್ಲೇ ನೆಮ್ಮದಿಯಾಗಿ ಹಾಡಿ ರೆಕಾರ್ಡ್ ಮಾಡೋಣ ಅಂತ ಒಂದೊಂದು ಧ್ವನಿಯನ್ನೂ ಬೇರೆ ಬೇರೆ ಟ್ರ್ಯಾಕಿಗೆ ಹಿಡಿದು ಕೂಡಿಸುವ ಚಿಕ್ಕ ಮಲ್ಟಿಟ್ರ್ಯಾಕ್ ರೆಕಾರ್ಡರ್ ತೆಗೆದುಕೊಂಡೆ. ಒಂದನೇ ಟ್ರ್ಯಾಕಿಗೆ ಎಲೆಕ್ಟ್ರಾನಿಕ್ ತಂಬೂರಿ, ಎರಡನೆಯದಕ್ಕೆ ಹಾಡು. ತಮ್ಮ ಊರಿಂದ ಬಂದಾಗ ಮೃದಂಗ ಸೇರಿಸಬೇಕು. ಆದರೆ ಹಿಂದೆ ಯಾವಾಗಲೂ ಗುಯ್ ಅನ್ನುವ ಸದ್ದು. ಅದಕ್ಕಿಂತ ಕೆಟ್ಟದ್ದು, ತಂಬೂರಿ ನೆಟ್ಟಗೆ ನಿಲ್ಲುವುದಿಲ್ಲ. ಅಲೆ ಬಂದ ಹಾಗೆ ಏರುತ್ತದೆ, ಇಳಿಯುತ್ತದೆ. ತಂಬೂರಿಯನ್ನು ಎದುರಿಗಿಟ್ಟು ಕೇಳಿದರೆ ಏನೂ ತೊಂದರೆ ಇಲ್ಲ. ಶ್ರುತಿಯೇ ನಿಲ್ಲದಿದ್ದರೆ ನಾನು ಯಾವುದನ್ನು ಹಿಡಿದು ಹಾಡಲಿ? ಮಿಷನ್ನೇ ಸರಿ ಇಲ್ವಾ? ವಾಪಸ್ ಕೊಡಲಾ? ಬೇಗ ಹೇಳಿ.

ಕಾಫಿತೋಟ, ಮೂಡಿಗೆರೆ:
ಯಾವ ಮಾಡೆಲ್? ಮೈಕ್ ಯಾವುದು? ಅಡಾಪ್ಟರ್‌ನಲ್ಲಾ, ಸೆಲ್ಲಿನಲ್ಲಾ? ಇದೆಲ್ಲ ಗೊತ್ತಿಲ್ಲದೆ ಏನು ಹೇಳುವುದು ಮೇಡಂ?

ಐದುಕಟ್ಟೆ, ಹಾಸನ:
ಎಂಟು ಟ್ರ್ಯಾಕಿನದು, ಒಂದು ಸಲಕ್ಕೆ ಎರಡು ಇನ್‌ಪುಟ್. ಎಲ್ಲರ ಹತ್ತಿರ ಇರುವಂಥದ್ದೇ. ಮೈಕ್ ಮಾಮೂಲಿ ಹಾಡುವ ಮೈಕ್. ಅಡಾಪ್ಟರ್.

ವೈರಿಂಗ್ ಕೆಲಸ, ಅರಸೀಕೆರೆ:
ಅರ್ತಿಂಗ್. ಬೇರೆ ಏನೂ ಅಲ್ಲ. ನೂರು ಮನೆಯಲ್ಲಿ ತೊಂಬತ್ತು ಮನೆಯ ಅರ್ತ್ ಹೆಸರಿಗೆ ಮಾತ್ರ ಇರುತ್ತದೆ. ಮಲ್ಟಿಮೀಟರ್ ತೆಗೆದುಕೊಂಡು ಸಾಕೆಟ್‌ನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ನೋಡಿ. ಎರಡು ಮೂರು ವೋಲ್ಟ್ ದಾಟಿದರೆ ಅರ್ತ್ ಗುಂಡಿ ಒಣಗಿರಬಹುದು. ಉಪ್ಪು, ಇದ್ದಿಲು ಹಾಕಿ ನೀರು ಬಿಡಿ. ಸಾಕೆಟ್ ಒಳಗೆ ಕಡ್ಡಿ ಆಡಿಸುವುದು ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ.

ನಾಲ್ಕುಟ್ರ್ಯಾಕ್, ಚಿಕ್ಕಮಗಳೂರು:
ಗುಯ್ ಸದ್ದು ಆಮೇಲೆ ನೋಡೋಣ. ಶ್ರುತಿ ಅಲೆಯುತ್ತದೆ ಅಂದರೆ ವೇಗದ ತೊಂದರೆ. ನನ್ನ ಹತ್ತಿರ ಕ್ಯಾಸೆಟ್ ಹಾಕುವ ನಾಲ್ಕು ಟ್ರ್ಯಾಕ್ ರೆಕಾರ್ಡರ್ ಇನ್ನೂ ಕೆಲಸ ಮಾಡುತ್ತಿದೆ. ಬೆಲ್ಟ್ ಸಡಿಲವಾದರೆ ಶ್ರುತಿ ಹೀಗೇ ಅಲೆಯುತ್ತದೆ. ಈ ಜಾತಿಗೆಲ್ಲ ಮೂಲ 1979ರಲ್ಲಿ ಟಿಯಾಕ್‌ನವರು ತಂದ ಪೋರ್ಟಾಸ್ಟುಡಿಯೋ 144. ಕ್ಯಾಸೆಟ್ ಅದರಲ್ಲಿ ಎರಡು ಪಟ್ಟು ವೇಗದಲ್ಲಿ ಓಡುತ್ತಿತ್ತು. ನಾಲ್ಕೂ ಟ್ರ್ಯಾಕ್ ಒಂದೇ ದಿಕ್ಕಿಗೆ. ಹಾಗಾಗಿ 90 ನಿಮಿಷದ ಕ್ಯಾಸೆಟ್ ಹಾಕಿದರೆ 22 ನಿಮಿಷ ಚಿಲ್ಲರೆ ಸಿಗುತ್ತಿತ್ತು, ಮಗುಚಿ ಹಾಕುವ ಹಾಗಿಲ್ಲ. ಅಷ್ಟರಲ್ಲೇ ಎಂಥೆಂಥ ಕೆಲಸ ಆಯಿತು ಗೊತ್ತಾ!

ಕಾಫಿತೋಟ, ಮೂಡಿಗೆರೆ:
ಸರ್, ಅವರದು ಎಸ್‌ಡಿ ಕಾರ್ಡಿಗೆ ಬರೆಯುವ ಮಿಷನ್. ಬೆಲ್ಟೂ ಇಲ್ಲ, ಮೋಟಾರೂ ಇಲ್ಲ. ಒಳಗೆ ಕ್ರಿಸ್ಟಲ್ ಗಡಿಯಾರ ಇದೆ, ಅದು ಕಿವಿಗೆ ಗೊತ್ತಾಗುವಷ್ಟು ಅಲೆಯುವುದಿಲ್ಲ.

ನಾಲ್ಕುಟ್ರ್ಯಾಕ್, ಚಿಕ್ಕಮಗಳೂರು:
ಹಾಗಾದರೆ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಧ್ವನಿ ಅಳೆಯುತ್ತದೆ ಅನ್ನುವುದು, 44.1, 48 ಗಡಿಬಿಡಿ ಆಗಿರಬೇಕು. ಒಂದರಲ್ಲಿ ರೆಕಾರ್ಡ್ ಮಾಡಿ ಇನ್ನೊಂದರಲ್ಲಿ ಪ್ಲೇ ಮಾಡಿದರೆ ಶ್ರುತಿ ಕೆಡುತ್ತದೆ.

ಕಾಫಿತೋಟ, ಮೂಡಿಗೆರೆ:
ಕೆಡುತ್ತದೆ, ಸರಿ. ಆದರೆ ಇಡೀ ಹಾಡು ಸುಮಾರು ಒಂದೂವರೆ ಸ್ವರಸ್ಥಾನ ಜರುಗಿ ಅಲ್ಲೇ ನಿಲ್ಲುತ್ತದೆ. ಐದು ಕಟ್ಟೆ ಶ್ರುತಿಯಲ್ಲಿ ಹಾಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಅವರು ಹೇಳುತ್ತಿರುವುದು ಏರಿಳಿತ. ಅದು ಬೇರೆ, ಇದು ಬೇರೆ.

ಹೇಮಾವತಿ ದಡ, ಸಕಲೇಶಪುರ:
ಈಗಿನ ಕಾಲದಲ್ಲಿ ಈ ಪೆಟ್ಟಿಗೆ ಯಾಕೆ? ಲ್ಯಾಪ್‌ಟಾಪ್ ಇದ್ದರೆ ಒಂದು ಯುಎಸ್‌ಬಿ ಇಂಟರ್‌ಫೇಸ್ ಸಾಕು. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಟ್ರ್ಯಾಕ್ ಎಷ್ಟು ಬೇಕಾದರೂ ಸಿಗುತ್ತದೆ, ತಪ್ಪಿದ್ದನ್ನು ಸ್ಕ್ರೀನಿನಲ್ಲೇ ನೋಡಿ ಕತ್ತರಿಸಬಹುದು.

ಐದುಕಟ್ಟೆ, ಹಾಸನ:
ನನಗೆ ಸ್ಕ್ರೀನ್ ಬೇಡ ಅಂತಲೇ ಇದನ್ನು ತೆಗೆದುಕೊಂಡಿದ್ದು. ಕೂತು, ಕೆಂಪು ಗುಂಡಿ ಒತ್ತಿ ಹಾಡಬೇಕು. ಅಲೆ ನೋಡಿಕೊಂಡು ಹಾಡಿದರೆ ನನ್ನ ಮನಸ್ಸು ರಾಗದಲ್ಲಿ ಇರುವುದಿಲ್ಲ. ದಯವಿಟ್ಟು ಕೇಳಿದ್ದಕ್ಕೆ ಹೇಳಿ.
ಎಲೆಕ್ಟ್ರಿಷಿಯನ್ ಬಂದು ನೋಡಿದರು. ಅರ್ತ್ ಸರಿ ಇದೆ ಅಂದರು. ಆದರೂ ಗುಂಡಿಗೆ ನೀರು ಬಿಟ್ಟಾಯಿತು. ಪೆನ್ಸಿಲ್ ಸೆಲ್ ಹಾಕಿ ಅಡಾಪ್ಟರ್ ಕಿತ್ತೂ ನೋಡಿದೆ. ಗುಯ್ ಹಾಗೇ ಇದೆ.

ವೈರಿಂಗ್ ಕೆಲಸ, ಅರಸೀಕೆರೆ:
ತಂಬೂರಿ ಅಡಾಪ್ಟರ್‌ನಲ್ಲಿ ಇದೆಯಲ್ಲ! ಅದರ ಮೂಲಕ ಬರುತ್ತಿದೆ. ಅರ್ತಿಂಗೇ.

ಐದುಕಟ್ಟೆ, ಹಾಸನ:
ತಂಬೂರಿ ವೈರ್ ಬಿಚ್ಚಿ ಬರೀ ಮೈಕ್‌ನಲ್ಲಿ ಹಾಡಿದೆ. ಆಗಲೂ ಗುಯ್. ಕರೆಂಟ್ ಹೋಗಿ ಯುಪಿಎಸ್ ಹತ್ತಿಕೊಂಡಾಗ ಇನ್ನೂ ಕರ್ಕಶ, ಜೇನುಹುಳ ಎದ್ದ ಹಾಗೆ.

ಕಾಫಿತೋಟ, ಮೂಡಿಗೆರೆ:
ಯುಪಿಎಸ್ ಇದೆಯಾ? ಈಗ ಹೇಳುತ್ತಿದ್ದೀರಲ್ಲ ಮೇಡಂ.

ಐದುಕಟ್ಟೆ, ಹಾಸನ:
ಮಳೆಗಾಲದಲ್ಲಿ ಯುಪಿಎಸ್ ಇಲ್ಲದ ಮನೆ ಎಲ್ಲಿದೆ? ನಾನು ಹಾಡುವ ಕೋಣೆಯಲ್ಲೇ ಇದೆ.

ಹೇಮಾವತಿ ದಡ, ಸಕಲೇಶಪುರ:
ಅಡಾಪ್ಟರ್ ಹಾಕುವ ಎಕ್ಸ್‌ಟೆನ್ಷನ್ ಬೋರ್ಡಿನ ಅರ್ತ್ ಪಿನ್ ಕತ್ತರಿಸಿ ನೋಡಿ. ನನ್ನ ಆಂಪ್ಲಿಫೈಯರ್‌ನಲ್ಲಿ ಹಾಗೆ ಮಾಡಿ ಹಮ್, ಅಂದರೆ ಇದೇ ಗುಯ್ ಸದ್ದು, ಹೋಯಿತು.

ಕಡೂರು ಸೌಂಡ್, ಕಡೂರು:
ಅದನ್ನು ಮಾತ್ರ ಯಾರೂ ಮಾಡಬೇಡಿ. ಅರ್ತ್ ಪಿನ್ ಇರುವುದು ಜೀವ ಉಳಿಸಲು. ಆಂಪ್ಲಿಫೈಯರ್ ಒಳಗೆ ಫೇಸ್ ವೈರ್ ಬಾಡಿಗೆ ತಾಗಿದರೆ, ಅರ್ತ್ ಇದ್ದರೆ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ ಮೈಕ್ ಹಿಡಿದವರು ಹೋಗುತ್ತಾರೆ. ಹಮ್ ಬಂದರೆ ಬರಲಿ, ಪಿನ್ ಮುಟ್ಟಬೇಡಿ. ನೀವೂ ನಿಮ್ಮದನ್ನು ಇವತ್ತೇ ಸರಿ ಮಾಡಿಸಿಕೊಳ್ಳಿ.

ಅಕ್ಕ, ನಿಮಗೆ ಎರಡು ಪರೀಕ್ಷೆ ಹೇಳುತ್ತೇನೆ. ರೆಕಾರ್ಡ್ ಆಗಿರುವ ಹಾಡನ್ನೇ ಹಾಕಿ. ಎರಡನೇ ಟ್ರ್ಯಾಕಿನ ಫೇಡರ್ (ಧ್ವನಿ ಏರಿಸಿ ಇಳಿಸುವ ಜಾರುಗುಂಡಿ) ಪೂರ್ತಿ ಇಳಿಸಿ, ಬರೀ ತಂಬೂರಿ ಕೇಳಿ. ಅಲೆಯುತ್ತದಾ? ಆಮೇಲೆ ಒಂದನೆಯದನ್ನು ಇಳಿಸಿ, ಹಾಡಿನ ಟ್ರ್ಯಾಕ್ ಮಾತ್ರ ಕೇಳಿ. ಅದರಲ್ಲಿ ಗುಯ್ ಇದ್ದರೂ ಅಲೆತ ಇದೆಯಾ? ಹೆಡ್‌ಫೋನ್‌ನಲ್ಲೇ ಕೇಳಬೇಕು.

ನಾಲ್ಕುಟ್ರ್ಯಾಕ್, ಚಿಕ್ಕಮಗಳೂರು:
ಇದರಿಂದ ಏನು ಗೊತ್ತಾಗುತ್ತದೆ? ವೇಗ ಕೆಟ್ಟಿದ್ದರೆ ಎರಡರಲ್ಲೂ ಕೆಟ್ಟಿರುತ್ತದೆ.

ಕಡೂರು ಸೌಂಡ್, ಕಡೂರು:
ಹೌದು ಸರ್, ಅದೇ ಗೊತ್ತಾಗಬೇಕು.

ಐದುಕಟ್ಟೆ, ಹಾಸನ:
ಆಶ್ಚರ್ಯ! ತಂಬೂರಿ ಒಂದೇ ಕೇಳಿದರೆ ಕಂಬದ ಹಾಗೆ ನಿಂತಿದೆ. ಹಾಡಿನ ಟ್ರ್ಯಾಕ್‌ನಲ್ಲಿ ಗುಯ್ ಇದೆ, ಆದರೆ ಅಲೆತ ಇಲ್ಲ. ಎರಡೂ ಫೇಡರ್ ಏರಿಸಿದ ಕೂಡಲೇ ಅಲೆತ ಶುರು.

ಕಡೂರು ಸೌಂಡ್, ಕಡೂರು:
ನಿಮ್ಮ ಮಿಷನ್ ಚೆನ್ನಾಗಿದೆ, ವಾಪಸ್ ಕೊಡಬೇಡಿ. ಕರೆಂಟು ನಿಮ್ಮ ಶ್ರುತಿಯ ಜೊತೆ ಹೊಡೆದಾಡುತ್ತಿದೆ, ಅಷ್ಟೇ.

ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ವೈರ್ ಹಿಡಿಯುವ ಗುಯ್‌ನಲ್ಲಿ ಬರೀ 50 ಇರುವುದಿಲ್ಲ. 100, 150, 200 ಹೀಗೆ ಮೇಲಿನವೂ ಸೇರಿರುತ್ತವೆ. ನಿಮ್ಮ ಐದು ಕಟ್ಟೆಯ ಮಧ್ಯ ಷಡ್ಜ 196 ಹರ್ಟ್ಜ್. ತಂಬೂರಿಯ ಮಂದ್ರದ ತಂತಿ 98. ಅಂದರೆ 98ರ ಪಕ್ಕದಲ್ಲಿ 100, 196ರ ಪಕ್ಕದಲ್ಲಿ 200. ಎರಡು ನಾದ ಇಷ್ಟು ಹತ್ತಿರ ಇದ್ದು ಸೇರದಿದ್ದರೆ, ಎಷ್ಟು ವ್ಯತ್ಯಾಸವೋ ಅಷ್ಟು ಸಲ ಸೆಕೆಂಡಿಗೆ ಏರಿಳಿತ ಕೇಳುತ್ತದೆ. ಮಂದ್ರದಲ್ಲಿ ಎರಡು, ಮಧ್ಯದಲ್ಲಿ ನಾಲ್ಕು. ತಂಬೂರಿಗೆ ಶ್ರುತಿ ಕೂಡಿಸುವಾಗ ಒಂದೇ ಸ್ವರಕ್ಕೆ ಕೂಡಿಸುವ ನಡುವಿನ ಎರಡು ಸಾರಣಿ ತಂತಿ ಇನ್ನೂ ಸೇರದಿದ್ದಾಗ ಕೇಳುತ್ತದಲ್ಲ, ಅದೇ. ನಿಮ್ಮ ಶ್ರುತಿ ಈ ಸಂಖ್ಯೆಗಳಿಂದ ದೂರ ಇದ್ದಿದ್ದರೆ ಬರೀ ಗುಯ್ ಕೇಳುತ್ತಿತ್ತು, ಶ್ರುತಿ ಹೀಗೆ ಅಲೆದಂತೆ ಅನಿಸುತ್ತಿರಲಿಲ್ಲ.

ನಂಬಿಕೆ ಬರದಿದ್ದರೆ ಹೀಗೆ ಮಾಡಿ. ತಂಬೂರಿಯಲ್ಲಿ ಫೈನ್ ಟ್ಯೂನ್ ತಿರುಗಣೆ ಇರುತ್ತದೆ. ಶ್ರುತಿಯನ್ನು ಕೂದಲೆಳೆಯಷ್ಟು ಏರಿಸುತ್ತಾ ರೆಕಾರ್ಡ್ ಮಾಡಿ, ಜೊತೆಗೆ ಎರಡನೇ ಟ್ರ್ಯಾಕಿಗೆ ಮೈಕ್ ಸುಮ್ನೆ ಆನ್ ಇಡಿ. ಅಲೆತ ನಿಧಾನವಾಗುತ್ತಾ ಬಂದು ಒಂದು ಕಡೆ ನಿಂತುಬಿಡಬೇಕು. ಇನ್ನೂ ಏರಿಸಿದರೆ ಮತ್ತೆ ಶುರುವಾಗಬೇಕು.

ಐದುಕಟ್ಟೆ, ಹಾಸನ:
ನಿಂತಿತು! ನಿಜವಾಗಿಯೂ ನಿಂತಿತು. ಇನ್ನೂ ಏರಿಸಿದಾಗ ಮತ್ತೆ ಬಂತು. ಮೈ ಜುಂ ಅಂದಿತು ಅಣ್ಣ. ಆದರೆ ನಾನು ಕರೆಂಟಿನ ಶ್ರುತಿಗೆ ಹಾಡಲು ಆಗುವುದಿಲ್ಲ. ಗುಯ್ ಹೋಗಬೇಕು.

ವೈರಿಂಗ್ ಕೆಲಸ, ಅರಸೀಕೆರೆ:
ನೋಡಿ, ಕರೆಂಟಿನಿಂದಲೇ ಅಂತ ಆಯಿತಲ್ಲ. ನಾನು ಮೊದಲೇ ಹೇಳಿದ್ದೆ.

ಕಾಫಿತೋಟ, ಮೂಡಿಗೆರೆ:
ನೀವು ಹೇಳಿದ್ದು ಅರ್ತಿಂಗ್. ಸೆಲ್ಲಿನಲ್ಲಿ ಓಡುವಾಗ ಮಿಷನ್ನಿಗೂ ಗೋಡೆಗೂ ಸಂಬಂಧವೇ ಇಲ್ಲ. ಆಗಲೂ ಗುಯ್ ಬಂತು.

ಹೇಮಾವತಿ ದಡ, ಸಕಲೇಶಪುರ:
ಅಡಾಸಿಟಿ ಸಾಫ್ಟ್‌ವೇರಿನಲ್ಲಿ 50, 100, 150, 200 ಎಲ್ಲ ನಾಚ್ ಫಿಲ್ಟರ್ (ಒಂದೇ ಕಂಪನವನ್ನು ಕತ್ತರಿಸುವ ಫಿಲ್ಟರ್) ಹಾಕಿ ತೆಗೆದುಬಿಡಿ. ಐದು ನಿಮಿಷದ ಕೆಲಸ.

ಕಡೂರು ಸೌಂಡ್, ಕಡೂರು:
ಬೇರೆ ಶ್ರುತಿಯವರಿಗಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇವರಿಗೆ 200 ಕತ್ತರಿಸಿದರೆ 196ಕ್ಕೂ ಪೆಟ್ಟು ಬೀಳುತ್ತದೆ. ಷಡ್ಜವನ್ನೇ ಸವರಿದ ಹಾಗೆ. ಸದ್ದು ಒಳಗೆ ಬರುವ ಮೊದಲೇ ತಡೆಯಬೇಕು. ಅಕ್ಕ, ಮೈಕ್ ಕೇಬಲ್ಲಿನ ಎರಡೂ ತುದಿ ಹೇಗಿವೆ? ಎಷ್ಟು ಉದ್ದ? ಗೇನ್, ಅಂದರೆ ಒಳಬರುವ ಧ್ವನಿಯನ್ನು ಹಿಗ್ಗಿಸುವ ತಿರುಗಣೆ, ಎಲ್ಲಿಟ್ಟಿದ್ದೀರಿ?

ಐದುಕಟ್ಟೆ, ಹಾಸನ:
ಮೈಕ್ ಕಡೆ ಮೂರು ಪಿನ್. ರೆಕಾರ್ಡರ್ ಕಡೆ ದಪ್ಪ ಪಿನ್, ಮೈಕ್ ಜೊತೆಗೇ ಬಂದದ್ದು. ಉದ್ದ ಇದೆ, ಉಳಿದದ್ದನ್ನು ಸುತ್ತಿ ಯುಪಿಎಸ್ ಹಿಂದೆ ಇಟ್ಟಿದ್ದೇನೆ, ಕಾಲಿಗೆ ಸಿಗಬಾರದು ಅಂತ. ಗೇನ್ ಪೂರ್ತಿ. ಇಲ್ಲದಿದ್ದರೆ ಧ್ವನಿ ಸಣ್ಣಗೆ ಬರುತ್ತದೆ.

ಕಡೂರು ಸೌಂಡ್, ಕಡೂರು:
ಸಿಕ್ಕಿತು. ದಪ್ಪ ಪಿನ್ ಅಂದರೆ ಪಿ-38. ನಮ್ಮ ಆರ್ಕೆಸ್ಟ್ರಾದವರು, ಭಜನೆ ಮಂಡಳಿಯವರು ಬಳಸುವ ಅಹುಜಾ ಆಂಪ್ಲಿಫೈಯರ್‌ಗೆ ಆ ಪಿನ್ ಬೇಕು, ಅದಕ್ಕೇ ಅಂಗಡಿಯಲ್ಲಿ ಅದೇ ಕೇಬಲ್ ಕೊಡುತ್ತಾರೆ. ರೆಕಾರ್ಡರ್‌ಗೆ ಅದು ಬೇಡ.

ಎರಡೂ ಕಡೆ ಮೂರು ಪಿನ್ ಇರುವ ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಧ್ವನಿ ಎರಡು ತಂತಿಯಲ್ಲಿ ಹೋಗುತ್ತದೆ, ಒಂದರಲ್ಲಿ ನೇರ, ಇನ್ನೊಂದರಲ್ಲಿ ತಿರುವುಮುರುವು. ಹೊರಗಿನ ಗುಯ್ ಎರಡಕ್ಕೂ ಒಂದೇ ಥರ ಹತ್ತುತ್ತದೆ. ರೆಕಾರ್ಡರ್ ಒಂದರಿಂದ ಇನ್ನೊಂದನ್ನು ಕಳೆಯುತ್ತದೆ. ಗುಯ್ ಕಳೆದುಹೋಗುತ್ತದೆ, ಹಾಡು ಉಳಿಯುತ್ತದೆ. ಪಿ-38ರಲ್ಲಿ ಧ್ವನಿಗೆ ಒಂದೇ ತಂತಿ, ಅದರ ಮೇಲೆ ಜಾಲರಿ. ಕಳೆಯಲು ಜೊತೆ ಇಲ್ಲ. ಅದರ ಮೇಲೆ, ಇಂಥ ಅನೇಕ ರೆಕಾರ್ಡರ್‌ಗಳಲ್ಲಿ ದಪ್ಪ ಪಿನ್ನಿನ ತೂತು ಲೈನ್ ಮಟ್ಟಕ್ಕೆ, ಅಂದರೆ ಮೈಕಿಗಿಂತ ಜೋರಾದ ಸಿಗ್ನಲ್‌ಗೆ, ಮಾಡಿರುವುದು. ಮೈಕ್ ಅಲ್ಲಿ ಸಣ್ಣಗೆ ಕೇಳುತ್ತದೆ, ಗೇನ್ ಪೂರ್ತಿ ತಿರುಗಿಸಬೇಕಾಗುತ್ತದೆ, ಗುಯ್ ಕೂಡ ಪೂರ್ತಿ ಏರುತ್ತದೆ.

ಎರಡೂ ಕಡೆ ಎಕ್ಸ್‌ಎಲ್‌ಆರ್ ಇರುವ ಮೂರು ಮೀಟರ್ ಕೇಬಲ್ ತನ್ನಿ. ನಿಮ್ಮ ರೆಕಾರ್ಡರ್‌ನ ಅದೇ ತೂತಿನಲ್ಲಿ ಮೂರು ಪಿನ್ನೂ ಕೂರುತ್ತದೆ, ನೋಡಿ. ಯುಪಿಎಸ್‌ನಿಂದ ಆದಷ್ಟು ದೂರ ಕೂತು ಹಾಡಿ. ಕರೆಂಟ್ ವೈರನ್ನು ದಾಟಲೇಬೇಕಿದ್ದರೆ ಅಡ್ಡ ದಾಟಿಸಿ, ಉದ್ದಕ್ಕೂ ಜೊತೆಗೆ ಓಡಿಸಬೇಡಿ. ಯುಪಿಎಸ್‌ನಲ್ಲಿ ಕರ್ಕಶವಾಗುವುದಕ್ಕೂ ಕಾರಣ ಇದೆ. ಹಳೇ ಯುಪಿಎಸ್ ಕರೆಂಟಿನ ಅಲೆಯನ್ನು ಚೌಕ ಮಾಡಿ ಕೊಡುತ್ತದೆ. ಚೌಕದಲ್ಲಿ 150, 250, 350 ಎಲ್ಲ ಜಾಸ್ತಿ.

ಕಾಫಿತೋಟ, ಮೂಡಿಗೆರೆ:
ಇದನ್ನು ಓದಿ ನನ್ನ ಎರಡು ಕೇಬಲ್ ಇವತ್ತೇ ಬದಲಾಯಿಸಿದೆ. ನನ್ನದು ಝೂಮ್ ಆರ್16. ಒಂದೇ ಸಲಕ್ಕೆ ಎಂಟು ಇನ್‌ಪುಟ್. ಕೊಯ್ಲು ಮುಗಿದು ಗೋಡೌನ್ ತುಂಬಿದಾಗ ಅಲ್ಲೇ ರೆಕಾರ್ಡಿಂಗ್. ಸುತ್ತ ಕಾಫಿ ಮೂಟೆ ಆಳೆತ್ತರ ಪೇರಿಸಿರುತ್ತೇವೆ, ಗೋಣಿಚೀಲ ಪ್ರತಿಧ್ವನಿಯನ್ನೆಲ್ಲ ನುಂಗುತ್ತದೆ. ಅಂಥ ಒಣ ಧ್ವನಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಜೂನ್ ಬಂದರೆ ಮಾತ್ರ ಎಲ್ಲ ಬಂದ್. ಶೀಟಿನ ಮೇಲೆ ಮಳೆ ಬಿದ್ದರೆ ನಮ್ಮ ಮಾತೇ ನಮಗೆ ಕೇಳುವುದಿಲ್ಲ. ಕಂಡೆನ್ಸರ್ ಮೈಕ್ ಇಡುವವರಿಗೆ ಒಂದು ಮಾತು: ಆರ್16ರಲ್ಲಿ ಆ ಮೈಕಿಗೆ ಬೇಕಾದ, ಕೇಬಲ್ಲಿನಲ್ಲೇ ಹೋಗುವ ಫ್ಯಾಂಟಮ್ ಪವರ್ ಬರುವುದು ಐದು, ಆರನೇ ಇನ್‌ಪುಟ್‌ಗೆ ಮಾತ್ರ.

ನಾಲ್ಕುಟ್ರ್ಯಾಕ್, ಚಿಕ್ಕಮಗಳೂರು:
ಒಣ ಧ್ವನಿಯೇ ಯಾಕೆ ಬೇಕು? ಕರ್ನಾಟಕ ಸಂಗೀತಕ್ಕೆ ಸ್ವಲ್ಪ ಹಜಾರದ ಗುಂಗು ಇರಬೇಕು. ರುದ್ರಪಟ್ಟಣದಲ್ಲಿ ಕಾವೇರಿ ದಡದ ಹಳೇ ಮನೆಯ ಜಗಲಿಯಲ್ಲಿ ನಾನು ಒಮ್ಮೆ ಕ್ಯಾಸೆಟ್ಟಿಗೆ ಹಿಡಿದ ಗಾಯನ ಇದೆ. ಒಂದು ಮೈಕ್, ಅಷ್ಟೇ. ಹಿನ್ನೆಲೆಯಲ್ಲಿ ಹೊಳೆ, ಗಿಳಿ. ಅದರ ಮುಂದೆ ಯಾವ ಗೋಡೌನೂ ಇಲ್ಲ.

ಕಾಫಿತೋಟ, ಮೂಡಿಗೆರೆ:
ಗುಂಗು ಆಮೇಲೆ ಸೇರಿಸಬಹುದು ಸರ್. ಒಳಗೆ ಹೋದ ಗುಂಗನ್ನು ತೆಗೆಯಲು ಆಗುವುದಿಲ್ಲ.

ನಾಲ್ಕುಟ್ರ್ಯಾಕ್, ಚಿಕ್ಕಮಗಳೂರು:
ಗುಂಡಿ ಒತ್ತಿ ಸೇರಿಸಿದ ಗುಂಗಿಗೂ ಜಗಲಿಗೂ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಐದುಕಟ್ಟೆ, ಹಾಸನ:
ಹೊಸ ಕೇಬಲ್ ಬಂತು. ಮೂರು ಪಿನ್ ಅದೇ ತೂತಿನಲ್ಲಿ ಕೂತಿತು. ಗೇನ್ ಅರ್ಧಕ್ಕೆ ಸಾಕು. ಕರೆಂಟ್ ಇದ್ದಾಗ ಗುಯ್ ಇಲ್ಲವೇ ಇಲ್ಲ. ಯುಪಿಎಸ್‌ನಲ್ಲಿ, ಹಾಡು ನಿಲ್ಲಿಸಿದಾಗ ಕಿವಿಗೊಟ್ಟು ಕೇಳಿದರೆ ಸ್ವಲ್ಪ ಇದೆ, ಹಾಡುವಾಗ ಕೇಳುವುದಿಲ್ಲ. ತಂಬೂರಿ ನಿಂತಿದೆ! ಕಡೂರಿನ ಅಣ್ಣನಿಗೆ ಎಷ್ಟು ಹೇಳಿದರೂ ಕಡಿಮೆ.
ಈ ಭಾನುವಾರ ತಮ್ಮ ಬರುತ್ತಾನೆ. ಮೃದಂಗಕ್ಕೆ ಎರಡು ಇನ್‌ಪುಟ್ಟೂ ಕೊಡಬಹುದಲ್ವಾ? ಮೈಕ್ ಎಲ್ಲಿಡಬೇಕು?

ಕಡೂರು ಸೌಂಡ್, ಕಡೂರು:
ಕೊಡಿ. ಬಲಂತಲೆಗೆ ಒಂದು, ಎಡಂತಲೆಗೆ ಒಂದು, ಸುಮಾರು ಒಂದು ಅಡಿ ದೂರ. ತೀರಾ ಹತ್ತಿರ ಇಟ್ಟರೆ ಚಾಪು ಹೊಡೆತ ಸೀಳುತ್ತದೆ. ಗೇನ್ ಇಡುವ ಮೊದಲು ಕೊನೆಯ ಕೋರ್ವೆಯನ್ನು (ಮುಕ್ತಾಯದ ಲಯಗುಚ್ಛ) ಪೂರ್ತಿ ಜೋರಿನಲ್ಲಿ ನುಡಿಸಲು ಹೇಳಿ. ಆಗ ಮೀಟರ್ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲಬೇಕು. ಆರಂಭದ ಮೆಲು ನಡೆ ನೋಡಿ ಗೇನ್ ಇಟ್ಟರೆ ತನಿಯಲ್ಲಿ, ಅಂದರೆ ಮೃದಂಗ ಒಂದೇ ನುಡಿಯುವ ಭಾಗದಲ್ಲಿ, ಧ್ವನಿ ಒಡೆಯುತ್ತದೆ. ಡಿಜಿಟಲ್‌ನಲ್ಲಿ ಒಡೆದದ್ದು ಒಡೆದದ್ದೇ. ಮತ್ತೆ, ಅವನು ಹೆಡ್‌ಫೋನ್ ಹಾಕಿಕೊಂಡೇ ನುಡಿಸಬೇಕು. ಇಲ್ಲದಿದ್ದರೆ ನಿಮ್ಮ ಹಾಡು ಮೃದಂಗದ ಮೈಕಿಗೂ ಸೇರಿಕೊಳ್ಳುತ್ತದೆ.

ವೈರಿಂಗ್ ಕೆಲಸ, ಅರಸೀಕೆರೆ:
ಯುಪಿಎಸ್‌ನಲ್ಲಿ ಇನ್ನೂ ಸ್ವಲ್ಪ ಇದೆ ಅಂದಿರಿ. ಅದು ಅರ್ತಿಂಗ್. ಗುಂಡಿಯಿಂದ ಬೋರ್ಡಿಗೆ ಬರುವ ತಂತಿ ಎಷ್ಟು ದಪ್ಪ ಇದೆ, ನೋಡಿ ಹೇಳಿ.

ಹೊಸಬ, ಬೇಲೂರು:
ಇಲ್ಲೇ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನನ್ನದೂ ಇಂಥದ್ದೇ ಪುಟ್ಟ ರೆಕಾರ್ಡರ್. 64 ಜಿಬಿ ಕಾರ್ಡ್ ಹಾಕಿದರೆ ಕಾರ್ಡ್ ಎರರ್ ಅನ್ನುತ್ತದೆ. ಮೊಬೈಲ್‌ನಲ್ಲಿ ಅದೇ ಕಾರ್ಡ್ ಚೆನ್ನಾಗಿದೆ.

ಕಾಫಿತೋಟ, ಮೂಡಿಗೆರೆ:
ಈ ಥರದ ಬಹಳಷ್ಟು ಮಿಷನ್ 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡ್ ಮಾತ್ರ ಓದುತ್ತವೆ. 64 ಎಸ್‌ಡಿಎಕ್ಸ್‌ಸಿ, ಅದರ ಫಾರ್ಮ್ಯಾಟ್ ಬೇರೆ. 32ರದ್ದು ತೆಗೆದುಕೊಂಡು ರೆಕಾರ್ಡರ್ ಒಳಗೇ ಫಾರ್ಮ್ಯಾಟ್ ಮಾಡಿ. ಕಡಿಮೆಯಾಗುತ್ತದೆ ಅನ್ನುವ ಚಿಂತೆ ಬೇಡ. 44.1, 16 ಬಿಟ್‌ನಲ್ಲಿ ಒಂದು ಟ್ರ್ಯಾಕ್ ನಿಮಿಷಕ್ಕೆ ಸುಮಾರು 5 ಎಂಬಿ. ಎಂಟೂ ಟ್ರ್ಯಾಕ್ ತುಂಬಿದರೂ 32 ಜಿಬಿಯಲ್ಲಿ ಹನ್ನೆರಡು ಗಂಟೆ ಹಿಡಿಯುತ್ತದೆ.