ಕೀಕ್ಯಾಡ್: ಪಂಪ್ ಕಂಟ್ರೋಲ್ ಬೋರ್ಡಿಗೆ ಟ್ರ್ಯಾಕ್ ಅಗಲ, ಮಿರರ್ ಪ್ರಿಂಟ್

ಪೆರ್ಲದ_ತೋಟ: ಟ್ಯಾಂಕಿನ ಫ್ಲೋಟ್ ಸ್ವಿಚ್ ನೋಡಿ ತೋಟದ 1 ಎಚ್‌ಪಿ ಪಂಪ್ ನಡೆಸಲು ಸಣ್ಣ ಬೋರ್ಡು, ಕೀಕ್ಯಾಡಿನಲ್ಲಿ (ಸರ್ಕ್ಯೂಟ್ ಬೋರ್ಡು ಬರೆಯುವ ಸಾಫ್ಟ್‌ವೇರ್) ಮಾಡಿದ್ದು. ಎಟಿಟೈನಿ85 ಮೈಕ್ರೋಕಂಟ್ರೋಲರ್ ಐಸಿ, ಬಿಸಿ547 ಟ್ರಾನ್ಸಿಸ್ಟರ್, 5 ವೋಲ್ಟಿನ ನೀಲಿ ರಿಲೇ, 1ಎನ್4007 ಡಯೋಡ್. ಕರೆಂಟಿಗೆ ಹಳೆ ಮೊಬೈಲ್ ಚಾರ್ಜರ್. ಒಂದೇ ಬದಿ ತಾಮ್ರ, ಲೇಸರ್ ಪ್ರಿಂಟಿನ ಟೋನರನ್ನು ಇಸ್ತ್ರಿಪೆಟ್ಟಿಗೆಯಲ್ಲಿ ತಾಮ್ರಕ್ಕೆ ಅಂಟಿಸುವುದು. ಇಆರ್‌ಸಿಯಲ್ಲಿ (ಸರ್ಕ್ಯೂಟಿನ ತಪ್ಪು ಹುಡುಕುವ ಪರೀಕ್ಷೆ) ಪವರ್ ಪಿನ್ನಿಗೆ ಮೂಲವೇ ಇಲ್ಲ ಅಂತ ಎರರ್ ಬರ್ತದೆ. ಟ್ರ್ಯಾಕ್ (ತಾಮ್ರದ ಗೆರೆ) ಎಷ್ಟು ಅಗಲ ಬೇಕು? ಪ್ರಿಂಟ್ ಮಿರರ್ ಮಾಡಬೇಕಾ?

ಕುಂಬಳೆ_ಸೋಲ್ಡರ್: ಎರರ್ ದೊಡ್ಡದಲ್ಲ. 5 ವೋಲ್ಟ್ ಸ್ಕ್ರೂ ಟರ್ಮಿನಲ್ಲಿಂದ ಬರುವುದರಿಂದ ಅದು ಪವರ್ ಅಂತ ಸಾಫ್ಟ್‌ವೇರಿಗೆ ತಿಳಿಯುವುದಿಲ್ಲ. 5 ವೋಲ್ಟಿಗೂ ಗ್ರೌಂಡಿಗೂ ಒಂದೊಂದು ಪವರ್ ಫ್ಲ್ಯಾಗ್ ಹಾಕಿ.

ಟ್ರಾನ್ಸಿಸ್ಟರ್ ಬದಲಿಸಿ. ರಿಲೇ ಕಾಯಿಲು 70 ಓಮ್, ಅಂದರೆ 71 ಮಿಲಿಆಂಪ್. ಬಿಸಿ547ರ ಮಿತಿಯೇ 100. ಬಿಸಿ337 ಹಾಕಿ, ಕಾಲುಗಳ ಕ್ರಮವೂ ಅದೇ, ಬೇಸಿಗೆ 1ಕೆ ರೆಸಿಸ್ಟರ್. 2222 ಟ್ರಾನ್ಸಿಸ್ಟರ್ ತರುವುದಾದರೆ ಜಾಗ್ರತೆ ಮಾರಾಯ್ರೆ: ಪಿಎನ್2222ಕ್ಕೂ ಪಿ2ಎನ್2222ಕ್ಕೂ ಎಮಿಟರ್, ಕಲೆಕ್ಟರ್ ಅದಲು ಬದಲು. ಡೇಟಾಶೀಟ್ ನೋಡಿಯೇ ಫುಟ್‌ಪ್ರಿಂಟ್ (ಬೋರ್ಡಿನಲ್ಲಿ ಕಾಲುಗಳ ಜಾಗ) ಕೊಡಿ.

ಮನೆಯಲ್ಲಿ ಎಚ್ ಮಾಡುವುದಕ್ಕೆ (ಬೇಡದ ತಾಮ್ರ ಕರಗಿಸುವುದಕ್ಕೆ) ಸಿಗ್ನಲ್ 0.8 ಮಿಮೀ, 5 ವೋಲ್ಟ್ 1.5, ಕ್ಲಿಯರೆನ್ಸ್ (ಎರಡು ಟ್ರ್ಯಾಕಿನ ನಡುವಿನ ಅಂತರ) 0.4. ಐಸಿಗೆ ಲಾಂಗ್‌ಪ್ಯಾಡ್ಸ್ (ಉದ್ದ ಪ್ಯಾಡ್) ಇರುವ ಡಿಐಪಿ-8 ತೆಗೆದುಕೊಳ್ಳಿ, ಇಲ್ಲದಿದ್ದರೆ ಡ್ರಿಲ್ ಮಾಡುವಾಗ ಪ್ಯಾಡ್ ಎದ್ದು ಬರ್ತದೆ. 1ಎನ್4007ಕ್ಕೆ ತೂತು 1 ಮಿಮೀ, ರಿಲೇಗೆ 1.3. ಐಸಿಯ 4 ಮತ್ತು 8ನೇ ಕಾಲಿನ ಪಕ್ಕದಲ್ಲೇ 100 ನ್ಯಾನೊಫ್ಯಾರಡ್ ಕೆಪಾಸಿಟರ್. ಅದಿಲ್ಲದಿದ್ದರೆ ರಿಲೇ ಬಿಡುವಾಗ ಐಸಿ ರೀಸೆಟ್ ಆಗುವ ಸಂಭವ ಉಂಟು.

ಮಿರರ್ ಬೇಡ. ಟ್ರ್ಯಾಕ್ ಬಿ.ಸಿಯು (ಕೆಳಬದಿಯ ತಾಮ್ರ) ಪದರದಲ್ಲಿ ಉಂಟಲ್ಲ, ಇಸ್ತ್ರಿ ಹಾಕುವಾಗ ಅದೇ ತಿರುಗುತ್ತದೆ. ಗುರುತಿಗೆ ಆ ಪದರದಲ್ಲಿ 7 ಅಂತ ಬರೆಯಿರಿ: ಕಾಗದದಲ್ಲಿ ಉಲ್ಟಾ ಕಂಡರೆ ಸರಿ. ಮೊದಲು ಬಿಳಿ ಹಾಳೆಯಲ್ಲಿ 1:1 ಪ್ರಿಂಟ್ ತೆಗೆದು ರಿಲೇಯ ಕಾಲು ಚುಚ್ಚಿ ನೋಡಿ. ಇಂಕ್‌ಜೆಟ್ ಆಗುವುದಿಲ್ಲ.

ಬದಿಯಡ್ಕ_230ವಿ: ಪಂಪಿನ ಕರೆಂಟ್ ಈ ಬೋರ್ಡಿನ ಮೇಲೆ ತರಲೇಬೇಡಿ. ರಿಲೇಯಲ್ಲಿ ಬರೆದ 10 ಆಂಪ್ ಬಲ್ಬ್, ಹೀಟರಿನಂಥ ಲೋಡಿಗೆ. ಮೋಟಾರು ಸ್ಟಾರ್ಟ್ ಆಗುವಾಗ ಓಡುವುದರ ಐದಾರು ಪಟ್ಟು ಎಳೀತದೆ. ಕಾಂಟ್ಯಾಕ್ಟ್ ಬೆಸೆದುಹೋದರೆ ಪಂಪ್ ನಿಲ್ಲುವುದೇ ಇಲ್ಲ. ಅದೂ ಅಲ್ಲದೆ, 35 ಮೈಕ್ರಾನ್ ತಾಮ್ರದಲ್ಲಿ 10 ಆಂಪಿಗೆ ಸುಮಾರು 7 ಮಿಮೀ ಟ್ರ್ಯಾಕ್ ಬೇಕು. 230 ವೋಲ್ಟ್ ಕಾಯಿಲಿನ ಕಾಂಟ್ಯಾಕ್ಟರ್ (ಮೋಟಾರಿಗೆ ಆಗುವ ದೊಡ್ಡ ರಿಲೇ) ಹಾಕಿ, ರಿಲೇ ಅದನ್ನು ಮಾತ್ರ ಎಳೆಯಲಿ. ಆಗ 2 ಮಿಮೀ ಧಾರಾಳ.

ನೀಲಿ ರಿಲೇಯ ಅಡಿ ತಿರುಗಿಸಿ ನೋಡಿ: ಕಾಮನ್ ಕಾಲು ಕಾಯಿಲಿನ ಎರಡು ಕಾಲುಗಳ ನಡುವೆಯೇ, ಸುಮಾರು 6 ಮಿಮೀ ದೂರದಲ್ಲಿ. ಪ್ಯಾಡ್ ಕಳೆದರೆ ಉಳಿಯುವುದು 3-4, 230 ವೋಲ್ಟಿಗೂ 5 ವೋಲ್ಟಿಗೂ ನಡುವೆ ಅದು ಕಡಿಮೆ. ಕಾಮನ್ ಪ್ಯಾಡಿಗೂ ಕಾಯಿಲಿನ ಪ್ಯಾಡುಗಳಿಗೂ ನಡುವೆ ಎಡ್ಜ್ ಕಟ್ಸ್ (ಬೋರ್ಡು ಕೊಯ್ಯುವ ಗೆರೆಯ) ಪದರದಲ್ಲಿ 1 ಮಿಮೀ ಸೀಳು ಬರೆದು ಗರಗಸದಲ್ಲಿ ಕೊಯ್ಯಿರಿ. ಗ್ರೌಂಡ್ ಫಿಲ್ ಆ ಕಡೆಗೆ ಹೋಗದ ಹಾಗೆ ಕೀಪ್‌ಔಟ್ (ತಾಮ್ರ ಬರಬಾರದ ಜಾಗ) ಎಳೆಯಿರಿ. ಬೆಸುಗೆ ಮುಗಿದ ಮೇಲೆ ಫ್ಲಕ್ಸ್ ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ತೊಳೆದು ವಾರ್ನಿಶ್. ನಮ್ಮ ಮಳೆಗಾಲಕ್ಕೆ ಬರೀ ತಾಮ್ರ ಹಸಿರಾಗ್ತದೆ.

ಪೆರ್ಲದ_ತೋಟ: ಫ್ಲೋಟ್ ಸ್ವಿಚ್ಚಿಗೆ 40 ಮೀಟರ್ ವಯರ್ ಉಂಟು. ನೇರ ಐಸಿಗೆ ಕೊಡಬಹುದಾ?

ಕುಂಬಳೆ_ಸೋಲ್ಡರ್: ಬೇಡ. ಕನಿಷ್ಠ ಇಷ್ಟಾದರೂ ಹಾಕಿ: 5 ವೋಲ್ಟಿಗೆ 10ಕೆ ಪುಲ್‌ಅಪ್, 1ಕೆ ಸರಣಿಯಲ್ಲಿ, ಪಿನ್ನಿನಿಂದ ಗ್ರೌಂಡಿಗೆ 100 ನ್ಯಾನೊ. ಪಿಸಿ817 ಆಪ್ಟೊ (ಬೆಳಕಿನಲ್ಲಿ ಸಿಗ್ನಲ್ ದಾಟಿಸುವ ಐಸಿ) ಹಾಕಿ ಬೇರೆ ಸಪ್ಲೈ ಕೊಟ್ಟರೆ ಇನ್ನೂ ಒಳ್ಳೆದು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಿಡಿಲು ವಯರಿಗೇ ಬಡಿದರೆ ಯಾವುದೂ ಉಳಿಯದು, ಐಸಿ ಸಾಕೆಟ್ಟಿನಲ್ಲೇ ಇರಲಿ.