ಮೇಷ್ಟ್ರು ರಿಟೈರ್ ಆದ್ರು, ಮುಂದೆ?

ಪ್ರಶ್ನೆ: ಅಪ್ಪ ಸರ್ಕಾರಿ ಹೈಸ್ಕೂಲಿನ ಗಣಿತ ಮೇಷ್ಟ್ರು. ಮೂವತ್ತು ವರ್ಷಕ್ಕೂ ಮೇಲಿನ ಸರ್ವಿಸ್ ಮುಗಿಸಿ ಈ ತಿಂಗಳು 60ಕ್ಕೆ ನಿವೃತ್ತಿ. ಹಾರ, ಶಾಲು, ಮೈಸೂರು ಪೇಟ ಎಲ್ಲ ಆದಮೇಲೆ ಮನೇಲಿ ಹೇಗೆ ಹೊಂದಿಕೊಳ್ತಾರೋ ಗೊತ್ತಾಗ್ತಿಲ್ಲ. ತಿಳಿದವರು ಹೇಳಿ.

▪ ಕಷ್ಟದ ಹೊತ್ತು ಬೆಳಗ್ಗೆ 10ರಿಂದ 12. ವಾಕಿಂಗ್ ಆಗಿರುತ್ತೆ, ಪೇಪರ್ ಓದಿ ಮುಗಿದಿರುತ್ತೆ, ಶಾಲೆ ಬೆಲ್ ಹೊಡೆಯೋ ಸಮಯಕ್ಕೆ ಮೈ ತಾನಾಗಿ ಎದ್ದು ನಿಂತಿರುತ್ತೆ. ವಾರಕ್ಕೆ ನಾಲ್ಕು ದಿನ ಆ ಹೊತ್ತಿಗೆ ಹೊರಗೆ ಒಂದು ನಿಗದಿತ ಕೆಲಸ ಇರಲಿ. ಗ್ರಂಥಾಲಯ ಆದರೂ ಸರಿ, ತೋಟ ಆದರೂ ಸರಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ, ಮೂರರೊಳಗೆ ಏಳಬೇಕು. ಮೀರಿದರೆ ನಡುರಾತ್ರಿ ಎಚ್ಚರ, ಆಮೇಲೆ ನಿದ್ದೆ ಮಾತ್ರೆ ಹುಡುಕಾಟ. ಇನ್ನೊಂದು: ದಿನಕ್ಕೆ ನಾಲ್ಕೈದು ಪೀರಿಯಡ್ ನಿಂತು ಪಾಠ ಮಾಡಿದ ಕಾಲು ಒಮ್ಮೆಲೇ ಸೋಫಾ ಸೇರಿದರೆ ತೊಡೆಯ ಶಕ್ತಿ ಇಳಿಯುತ್ತೆ. ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರೋದು, ಎರಡು ಹೊತ್ತು. ಮಂಡಿನೋವಿದ್ದರೆ ಎತ್ತರದ ಕುರ್ಚಿ.

▪ ಅಮ್ಮನ ಕಡೆಯೂ ನೋಡಿ. ಹಗಲಿನ ಮನೆ ಇಷ್ಟು ವರ್ಷ ಅವರದ್ದು. ಬೇಳೆ ಡಬ್ಬಿಗೆ ಚೀಟಿ ಅಂಟಿಸೋದು, ಸಿಲಿಂಡರ್ ಎಷ್ಟು ದಿನ ಬಂತು ಅಂತ ಲೆಕ್ಕ ಕೇಳೋದು ಶುರುವಾದರೆ ಜಗಳ ಗ್ಯಾರಂಟಿ! ತರಕಾರಿ ತರೋದನ್ನ ಪೂರ್ತಿ ಅಪ್ಪನಿಗೆ ಬಿಡಿ, ಬಲಿತ ಬೆಂಡೆಕಾಯಿ ತಂದರೂ ಸುಮ್ಮನಿರಿ. ಹನ್ನೊಂದರ ಕಾಫಿ ಅವರೇ ಮಾಡಿಕೊಳ್ಳಲಿ.

▪ ದುಡ್ಡಿನ ವಿಷಯ. ಗ್ರಾಚ್ಯುಟಿ (ಸೇವೆಗಾಗಿ ಕೊಡೋ ಇಡಿಗಂಟು), ಕಮ್ಯುಟೇಶನ್ (ಪಿಂಚಣಿಯ ಒಂದು ಭಾಗ ಬಿಟ್ಟುಕೊಟ್ಟು ಮೊದಲೇ ಇಡಿಗಂಟಾಗಿ ಪಡೆಯೋದು), ರಜೆ ನಗದೀಕರಣ, ಜಿಪಿಎಫ್ (ಭವಿಷ್ಯ ನಿಧಿ), ಕೆಜಿಐಡಿ (ಸರ್ಕಾರಿ ನೌಕರರ ವಿಮೆ) ಎಲ್ಲ ಒಂದೇ ದಿನ ಬರಲ್ಲ. ಪಿಂಚಣಿ ಶುರುವಾಗೋದೂ ತಡವಾಗಬಹುದು, ನಾಲ್ಕು ತಿಂಗಳ ಖರ್ಚು ಎಸ್‌ಬಿ ಖಾತೆಯಲ್ಲಿರಲಿ. ಕಮ್ಯೂಟ್ ಮಾಡಿದ ಭಾಗ ಪಿಂಚಣಿಗೆ ಮತ್ತೆ ಸೇರೋದು 15 ವರ್ಷಕ್ಕೆ, ಹಾಗಾಗಿ ತಿಂಗಳ ಬಜೆಟ್ಟನ್ನ ಕಡಿತದ ನಂತರದ ಮೊತ್ತದ ಮೇಲೇ ಹಾಕಿ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಗರಿಷ್ಠ 30 ಲಕ್ಷ, 5 ವರ್ಷ. ಶೇ. 8.2ರ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ. ಖಾತೆ ತೆರೆದ ದಿನದ ದರವೇ ಕೊನೆವರೆಗೂ. ಒಂದು ವರ್ಷದೊಳಗೆ ಮುರಿದರೆ ಬಡ್ಡಿ ಇಲ್ಲ, ಕೊಟ್ಟಿದ್ದನ್ನೂ ಅಸಲಿನಲ್ಲಿ ಹಿಡಿದುಕೊಳ್ತಾರೆ. ಅದಕ್ಕೇ ಎಲ್ಲವನ್ನೂ ಒಂದೇ ಖಾತೆಗೆ ಹಾಕದೆ ಎರಡು ಮೂರು ಖಾತೆ ಮಾಡಿ. ಮಗಳ ಮದುವೆ, ಸೈಟು, ನೆಂಟರ ಕೈಸಾಲ ಯಾವುದಕ್ಕೂ ಮೊದಲ ಆರು ತಿಂಗಳು ಮಾತು ಕೊಡಬೇಡಿ.

▪ ನವೆಂಬರ್‌ನಲ್ಲಿ ಜೀವಂತ ಪ್ರಮಾಣಪತ್ರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತೆ. ಬೆರಳಚ್ಚು ಸವೆದು ಯಂತ್ರ ಒಪ್ಪದಿದ್ದರೆ ಮೊಬೈಲಿನಲ್ಲಿ ಮುಖ ತೋರಿಸಿ ಮಾಡೋ ವಿಧಾನ ಇದೆ. ಕಿಟಕಿ ಎದುರು ಕೂರಿಸಿ, ಬೆಳಕು ಬೆನ್ನಿಗಿರಬಾರದು.

▪ ಹಳೇ ಶಾಲೆಗೇ ಹೋಗಿ ಫ್ರೀಯಾಗಿ ಪಾಠ ಮಾಡಲಿ ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಮೂರು ತಿಂಗಳಾದರೂ ಬೇಡ. ಹೊಸದಾಗಿ ಬಂದ ಮೇಷ್ಟ್ರಿಗೆ ಇರಿಸುಮುರಿಸು, ಮಕ್ಕಳು ಹೋಲಿಕೆ ಮಾಡ್ತಾರೆ. ಅದರ ಬದಲು ಮನೆ ಹತ್ತಿರ ಎಸ್ಸೆಸ್ಸೆಲ್ಸಿಯ ಮೂರ್ನಾಲ್ಕು ಮಕ್ಕಳಿಗೆ ಸಂಜೆ ಒಂದು ಗಂಟೆ ಲೆಕ್ಕ ಹೇಳಿಕೊಡಲಿ. ಗಣಿತ ಮೇಷ್ಟ್ರು ಅಂದಮೇಲೆ ದೇವಸ್ಥಾನ ಸಮಿತಿಯವರು ಖಜಾಂಚಿ ಮಾಡೋಕೆ ಮನೆಗೇ ಬರ್ತಾರೆ. ಹಿಂದಿನ ವರ್ಷದ ಲೆಕ್ಕ ಆಡಿಟ್ ಆಗಿದೆಯಾ ಅಂತ ಕೇಳದೆ ಒಪ್ಪಿಕೊಳ್ಳೋದು ಬೇಡ.